ಗುರುವಾರದ ಕರೆಂಟು, ಕಾಕಾನ ಕೋಣೆ

ಚಿಂಚವಡದ ನಮ್ಮ ಓಣಿಯಲ್ಲಿ ಗುರುವಾರ ಅಂದರೆ ಕರೆಂಟು ಇಲ್ಲದ ದಿನ. ಪ್ರತಿ ಗುರುವಾರವೂ ಅಲ್ಲ, ಆದರೆ ಹೋದರೆ ಬಹಳ ಮಟ್ಟಿಗೆ ಗುರುವಾರವೇ ಹೋಗುತ್ತದೆ. ತಂತಿ, ಟ್ರಾನ್ಸ್‌ಫಾರ್ಮರ್ ದುರಸ್ತಿಗೆಂದು ಬೆಳಿಗ್ಗೆ ತೆಗೆದವರು ಮಧ್ಯಾಹ್ನ ಕೊಡುತ್ತಾರೆ. ಕಾರ್ಖಾನೆಗಳಿಗೂ ಅಂದೇ ವಾರದ ರಜೆ. ಹೀಗಾಗಿ ಚಾಕಣದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಮೇಂಟೆನನ್ಸ್ ನೋಡಿಕೊಳ್ಳುವ ನನ್ನ ಅಪ್ಪ ಗುರುವಾರ ಮನೆಯಲ್ಲಿರುತ್ತಾರೆ. ನಾನು ಶಿವಾಜಿನಗರದ ಕಚೇರಿಯಲ್ಲಿರುತ್ತೇನೆ, ಅವ್ವ ಮಧ್ಯಾಹ್ನದ ತನಕ ಶಾಲೆಯೊಂದರ ಕಚೇರಿಯಲ್ಲಿ. ಕಾಕಾ ಮಾತ್ರ ಗುರುವಾರವಿರಲಿ ರವಿವಾರವಿರಲಿ, ಮನೆಯಲ್ಲೇ.

ಕಾಕಾ ಅಪ್ಪನ ತಮ್ಮ. ಮದುವೆಯಾಗಲಿಲ್ಲ. ಔಷಧಿ ಕಂಪನಿಯೊಂದರ ಪ್ರತಿನಿಧಿಯಾಗಿ ಬೆಳಗಾವಿ, ಕೊಲ್ಹಾಪುರ, ಸಾತಾರಾ ಎಂದು ಬ್ಯಾಗು ಹೆಗಲಿಗೇರಿಸಿಕೊಂಡು ಸುತ್ತಿದವನು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತವು. ಮಾತು ಉಳಿಯಿತು. "ಕೈಕಾಲು ಒಯ್ದ, ನಾಲಿಗಿ ಬಿಟ್ಟ. ಮಾಲು ಮಾರಾವಂಗ ಅಷ್ಟ ಸಾಕು ಬಿಡು" ಎಂದು ಆಸ್ಪತ್ರೆಯ ಹಾಸಿಗೆಯ ಮೇಲೇ ಹೇಳಿದ್ದ.

ಮನೆಗೆ ಬಂದ ಹೊಸದರಲ್ಲಿ ಏಜೆನ್ಸಿಯವರು ಹಗಲು ನೋಡಿಕೊಳ್ಳಲು ಒಬ್ಬ ಆಳನ್ನು ಕಳಿಸಿದ್ದರು. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಒಂದು ಕುಂದು ಇರಲಿಲ್ಲ. ಆದರೆ ಕಾಕಾನ ತಲೆಯ ಮೇಲಿಂದ ಅವ್ವನನ್ನು ನೋಡಿ, "ಪೇಶಂಟ್ ಜೇವಲೇ ಕಾ?" ಎನ್ನುತ್ತಿದ್ದರು. ಪೇಶಂಟಿನ ಊಟ ಆಯಿತೇ ಎಂದು.

"ನಾ ಇಲ್ಲೇ ಕೂತೀನಲ್ರಿ ಮಾಮಾ, ನನ್ನನ್ನs ಕೇಳ್ರಿ" ಎಂದು ಕಾಕಾ ಮರಾಠಿಯಲ್ಲೂ ಹೇಳಿದ, ಹಿಂದಿಯಲ್ಲೂ ಹೇಳಿದ. ಅವರು ನಕ್ಕು, ಮತ್ತೆ ಅವ್ವನನ್ನೇ ಕೇಳುತ್ತಿದ್ದರು. ಯಾವ ಧಾರಾವಾಹಿ ನೋಡಬೇಕು, ಕಿಟಕಿ ಎಷ್ಟು ತೆರೆಯಬೇಕು, ಯಾವಾಗ ಮಲಗಬೇಕು, ಎಲ್ಲ ಅವರದೇ. ಎಣ್ಣೆ ಹಚ್ಚಿ, ಬೈತಲೆ ತೆಗೆದು, ಶಾಲೆಗೆ ಹೊರಟ ಹುಡುಗನ ಹಾಗೆ ಕಾಕಾನ ತಲೆ ಬಾಚುತ್ತಿದ್ದರು. ಮೂರು ತಿಂಗಳ ಮೇಲೆ ಅವರು ಹೋದ ದಿನ ಕಾಕಾ ಎಡಗೈಯಿಂದ ತನ್ನ ಕೂದಲನ್ನು ತಾನೇ ಕೆದರಿಕೊಂಡದ್ದನ್ನು ನಾನು ನೋಡಿದೆ.

ಆಮೇಲೆ ಹಗಲು ಹೊತ್ತು ಒಬ್ಬನೇ ಇರುತ್ತೇನೆ ಎಂದು ಹಠ ಹಿಡಿದ. ಒಬ್ಬನೇ ಇರಲು ಬೇಕಾದದ್ದು ಬಹಳವೇನಲ್ಲ. ಲೈಟು ಹಾಕಬೇಕು, ಫ್ಯಾನು ತಿರುಗಬೇಕು, ವ್ಯಾಯಾಮ ಮಾಡಿಸುವವರು ಬಂದಾಗ ಬಾಗಿಲು ತೆರೆಯಬೇಕು. ಆದರೆ ನಮ್ಮದು ಬಾಡಿಗೆ ಮನೆ. ಗೋಡೆಗೆ ಉಳಿ ಹಚ್ಚಕೂಡದು ಎಂದು ಮಾಲೀಕರ ಕರಾರು. ಸ್ವಿಚ್ ಬೋರ್ಡು ಕಪಾಟಿನ ಹಿಂದೆ, ಎತ್ತರದಲ್ಲಿ. ಮುಂಬಾಗಿಲ ಹತ್ತಿರದ ಸಂದಿಯಲ್ಲಿ ಗಾಲಿಕುರ್ಚಿ ತಿರುಗುವುದಿಲ್ಲ. ಹೀಗಾಗಿ ಮಾತು ಕೇಳುವ ಸಾಮಾನು ತಂದವಳು ನಾನು. ಕಾಕಾನ ಕೋಣೆಗೆ ಎರಡು ಬಲ್ಬು, ಗೋಡೆ ಫ್ಯಾನಿಗೆ ಒಂದು ಪ್ಲಗ್ಗು, ಬಾಗಿಲ ಹಳೆಯ ಲ್ಯಾಚಿನ ಮೇಲೆಯೇ ಕೂರುವ ಒಂದು ಬೀಗ, ಆ ಬೀಗಕ್ಕೂ ವೈಫೈಗೂ ನಡುವೆ ಮಾತು ಮುಟ್ಟಿಸುವ ಒಂದು ಪುಟ್ಟ ಡಬ್ಬಿ, ಮತ್ತೆ ಹಾಸಿಗೆಯ ಪಕ್ಕದಲ್ಲಿ ಹೇಳಿದ್ದು ಕೇಳಿಸಿಕೊಳ್ಳುವ ಸ್ಪೀಕರು.

ಸ್ಪೀಕರಿಗೆ ನಮ್ಮ ಧಾರವಾಡ ಕಡೆಯ ಕನ್ನಡ ಹತ್ತಲಿಲ್ಲ. ಕಾಕಾ ಹಿಂದಿಯಲ್ಲಿ ಮಾತಾಡುತ್ತಿದ್ದ, ಆದರೆ ಪ್ರತಿ ಸಲವೂ ಹಿಂದೆ ಒಂದು "ಬಾಯಿಸಾಹೇಬ್" ಸೇರಿಸುತ್ತಿದ್ದ. ಅದು ಗೊಂದಲಗೊಂಡು ಸುಮ್ಮನಾಗುತ್ತಿತ್ತು.

"ಅದಕ್ಕ ಮರ್ಯಾದಿ ಕೊಡಬ್ಯಾಡ ಕಾಕಾ, ತಿಳಿಯಂಗಿಲ್ಲ" ಎಂದೆ.

"ಅದಕ್ಕ ತಿಳೀಲಂತ ಅಲ್ಲ, ತಾಯಿ. ದಿನಾ ಹುಕುಂ ಮಾಡಿ ಮಾಡಿ ನನ್ನ ಬಾಯಿ ಕೆಡಬಾರದಂತ."

ಎಲ್ಲ ಚೆನ್ನಾಗಿಯೇ ನಡೆಯಿತು, ಕರೆಂಟು ಹೋಗುವ ತನಕ.

ಗುರುವಾರ ಸಂಜೆ ಲೋಕಲ್‌ನಿಂದ ಇಳಿದು ಮನೆಗೆ ಬಂದರೆ ಕಾಕಾನ ಕೋಣೆಯ ಸಾಮಾನುಗಳು ಕಿವುಡಾಗಿರುತ್ತಿದ್ದವು. ಬಲ್ಬು ಉರಿಯುತ್ತಿತ್ತು, ಆದರೆ ಆರಿಸು ಎಂದರೆ ಆರುತ್ತಿರಲಿಲ್ಲ. ಫ್ಯಾನಿನ ಪ್ಲಗ್ಗಿನಲ್ಲಿ ಕೆಂಪು ದೀಪ. ನನ್ನ ಮೊಬೈಲಿನಲ್ಲಿ ಎಲ್ಲದರ ಮುಂದೆಯೂ ಸಂಪರ್ಕ ಇಲ್ಲ, ಸಂಪರ್ಕ ಇಲ್ಲ. ಆಗ ಊಟ ಬಿಟ್ಟು ನೆಲದ ಮೇಲೆ ಕೂರುತ್ತಿದ್ದೆ. ಬಲ್ಬನ್ನು ಹಾಕಿ, ಆರಿಸಿ, ಹಾಕಿ, ಆರಿಸಿ, ಅದು ಮಿಣುಕತೊಡಗುವ ತನಕ. ಪ್ಲಗ್ಗಿನ ಗುಂಡಿಯನ್ನು ಒತ್ತಿ ಹಿಡಿದು, ಬಿಟ್ಟು. ಮತ್ತೆ ವೈಫೈ ಹೆಸರು, ಮತ್ತೆ ಗುಪ್ತಪದ, ಮತ್ತೆ ಹುಡುಕುತ್ತಿದೆ, ಹುಡುಕುತ್ತಿದೆ, ಹುಡುಕುತ್ತಿದೆ. ಒಂದು ಸಿಕ್ಕರೆ ಇನ್ನೊಂದು ಸಿಗುತ್ತಿರಲಿಲ್ಲ.

"ಹೆರಿಗಿ ಆತೇನು?" ಎಂದು ಕಾಕಾ ಹಾಸಿಗೆಯಿಂದ ಕೇಳುತ್ತಿದ್ದ.

"ಒಂದಾತು. ಇನ್ನೊಂದು ಅಡ್ಡ ಸಿಕ್ಕದ."

ನನಗೆ ಎಲ್ಲವನ್ನೂ ಬರೆದಿಡುವ ರೂಢಿ. ಕಾಲೇಜಿನ ಮೊದಲ ವರ್ಷದಿಂದ ದಿನಚರಿ ಬರೆಯುತ್ತೇನೆ, ಲೋಕಲ್ ಎಷ್ಟು ತಡ ಎನ್ನುವುದನ್ನೂ ಬಿಡುವುದಿಲ್ಲ. ಈ ತೊಂದರೆಗೂ ಒಂದು ಪಟ್ಟಿ ಮಾಡಿದೆ. ಯಾವ ವಾರ, ಎಷ್ಟು ಹೊತ್ತು ಕರೆಂಟು ಇರಲಿಲ್ಲ, ಯಾವ ಸಾಮಾನು ಬಿಟ್ಟಿತು, ಎಷ್ಟು ಸಲ ಯತ್ನಿಸಿದ ಮೇಲೆ ಕೂಡಿತು. ಪಟ್ಟಿ ಉದ್ದವಾಯಿತು, ಉತ್ತರ ಮಾತ್ರ ಸಿಗಲಿಲ್ಲ. ಗುರುವಾರ ಕೆಡುತ್ತದೆ, ನಡುವಾರದಲ್ಲಿ ಮಳೆಗೋ ಗಾಳಿಗೋ ಹೋಗಿ ಬಂದರೆ ಕೆಡುವುದಿಲ್ಲ. ಗುರುವಾರದ ಕಡಿತ ಉದ್ದ, ಅದಕ್ಕೇ ಇರಬೇಕು ಎಂದುಕೊಂಡೆ. ಆದರೆ ಒಂದು ಸೋಮವಾರ ಹಗಲಿಡೀ ಕರೆಂಟು ಇರಲಿಲ್ಲ, ಆದರೂ ಸಂಜೆ ಎಲ್ಲವೂ ತಾವಾಗಿ ಕೂಡಿಕೊಂಡಿದ್ದವು. ಹಾಗಾದರೆ ವೋಲ್ಟೇಜು ಇರಬೇಕು ಎಂದುಕೊಂಡೆ. ವೈಫೈ ರೂಟರಿನ ಒಳಗೆ ಹೋಗಿ ಬದಲಿಸಬಹುದಾದ ಎಲ್ಲವನ್ನೂ ಬದಲಿಸಿದೆ. ಚಾನೆಲ್ ಬದಲಿಸಿದೆ, ವೇಗದ ಸಿಗ್ನಲ್ಲು ನಿಧಾನದ ಸಿಗ್ನಲ್ಲು ಬೇರೆ ಮಾಡಿದೆ, ಒಂದೊಂದು ಸಾಮಾನಿಗೂ ಖಾಯಂ ನಂಬರು ಕೊಟ್ಟೆ. ಶುಕ್ರವಾರದಿಂದ ಬುಧವಾರದ ತನಕ ನಾನೇ ಜಾಣೆ. ಗುರುವಾರ ಮತ್ತೆ ನೆಲದ ಮೇಲೆ.

ಆ ಶುಕ್ರವಾರ ನಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ, ಅವ್ವ ಹೇಳಿದ್ದು. ಹಿಂದಿನ ಸಂಜೆ ಎಲ್ಲವನ್ನೂ ಕೂಡಿಸಿದ್ದೆ, ಬಾಗಿಲಿನ ಡಬ್ಬಿಯೂ ಹಸಿರು ತೋರಿಸಿತ್ತು. ರಾತ್ರಿ ಇನ್ನೊಮ್ಮೆ ಕರೆಂಟು ಹೋಗಿ ಬಂತು, ಬೆಳಗಾಗುವಷ್ಟರಲ್ಲಿ ಅದು ಮತ್ತೆ ಕೈಬಿಟ್ಟಿತ್ತು. ಹನ್ನೊಂದರ ಸುಮಾರಿಗೆ ವ್ಯಾಯಾಮದವರು ಬಂದು ಗಂಟೆ ಬಾರಿಸಿದ್ದಾರೆ. ಕಾಕಾ ಒಳಗಿನಿಂದ ಹಿಂದಿಯಲ್ಲಿ ಬಾಗಿಲು ತೆರೆ ಎಂದಿದ್ದಾನೆ, ಬಾಯಿಸಾಹೇಬ್ ಬಿಟ್ಟು ಹೇಳಿದ್ದಾನೆ, ಸೇರಿಸಿಯೂ ಹೇಳಿದ್ದಾನೆ. ತೆರೆದಿಲ್ಲ. ಬಂದವರಿಗೆ ನಿಲ್ಲಲು ಹೇಳಿ, ಗಾಲಿಕುರ್ಚಿ ತಳ್ಳಿಕೊಂಡು ಸಂದಿಯ ತನಕ ಹೋಗಿ, ಎಡಗೈ ಚಾಚಿ ಲ್ಯಾಚು ಹಿಡಿಯಲು ನೋಡಿ, ಜಾರಿ ಕೆಳಗೆ ಕೂತುಬಿಟ್ಟಿದ್ದಾನೆ. ಬಿದ್ದದ್ದನ್ನು ಕೂಗಿ ಹೇಳಿಲ್ಲ. ಬಂದವರು ಇನ್ನಷ್ಟು ಹೊತ್ತು ಕಾದು, ಬೇರೆ ಮನೆಗೆ ಹೊತ್ತಾಯಿತೆಂದು ಹೋಗಿದ್ದಾರೆ. ಮೊಬೈಲು ಹಾಸಿಗೆಯ ಮೇಲಿತ್ತು.

ಎರಡು ಗಂಟೆಗೆ ಅವ್ವ ಕೀಲಿ ತಿರುಗಿಸಿ ಬಾಗಿಲು ತಳ್ಳಿದರೆ ಬಾಗಿಲು ಅವನ ಮೊಣಕಾಲಿಗೆ ತಾಗಿತಂತೆ. ಚಪ್ಪಲಿ ಸ್ಟ್ಯಾಂಡಿಗೆ ಒರಗಿ ಕೂತಿದ್ದ.

"ವೈನಿ, ಚಪ್ಪಲ್ ಇಲ್ಲೇ ಬಿಡ್ರಿ" ಎಂದನಂತೆ. "ಕಾಯಾಕ ನಾ ಅದೀನಿ."

ಅವ್ವ ಅದನ್ನು ನಮಗೆ ಹೇಳುವಾಗ ನಗಲು ಹೋಗಿ ಅತ್ತಳು. ಮೊಣಕೈ ತರಚಿದ್ದು ಬಿಟ್ಟರೆ ಪೆಟ್ಟೇನೂ ಆಗಿರಲಿಲ್ಲ. ಅಪ್ಪ ಕೆಲಸದಿಂದ ಬಂದವರು ಬೂಟು ಬಿಚ್ಚದೆ ನಿಂತೇ ಎಲ್ಲ ಕೇಳಿಸಿಕೊಂಡು, ಏಜೆನ್ಸಿಗೆ ಫೋನು ಹಚ್ಚಿದರು. ಕಾಕಾ ಮಾಮಾ ಎನ್ನುತ್ತಿದ್ದ ಹಳೆಯ ಆಳೇ ಮುಂದಿನ ವಾರ ಬಿಟ್ಟು ಅದರಾಚೆಯ ಸೋಮವಾರದಿಂದ ಬರಬಹುದು ಎಂದರು ಅವರು. ಅಪ್ಪ ಹೂಂ ಎಂದರು.

"ಅಣ್ಣಾ, ಬ್ಯಾಡ" ಎಂದ ಕಾಕಾ ಕೋಣೆಯೊಳಗಿನಿಂದ.

"ನೀ ಸುಮ್ನಿರು."

"ಸುಮ್ನ ಇರಾಕs ಅವರು ಬರ್ತಾರಲ್ಲ. ಈಗಿಂದs ಯಾಕ?"

ಅಪ್ಪ ಬೂಟು ಬಿಚ್ಚಿ ಒಳಗೆ ನಡೆದರು. ನಾನು ಅವರ ಹಿಂದೆ ಅಡಿಗೆಮನೆಯ ತನಕ ಹೋದೆ. ಒಂದು ವಾರ ಕೊಡ್ರಿ ಅಪ್ಪಾ, ಸರಿ ಮಾಡ್ತೀನಿ ಎಂದೆ.

"ಸರಿ ನೀ ಪ್ರತಿ ವಾರ ಮಾಡ್ತೀದಿ" ಎಂದರು. ಸಿಟ್ಟಿನಿಂದಲ್ಲ, ದಣಿದು ಹೇಳಿದರು. "ನನಗ ರಿಪೇರಿ ಬ್ಯಾಡ, ಕಾರಣ ಬೇಕು. ಕಾರಣ ಸಿಗದ ರಿಪೇರಿ ರಿಪೇರಿ ಅಲ್ಲವಾ, ಬರೇ ಮುಂದಕ್ಕ ಹಾಕೂದು. ಕಾರಣ ತೋರಸು, ಆಳು ಬ್ಯಾಡ ಅಂತೀನಿ."

ಆ ವಾರ ನಾನು ಎಲ್ಲಿಯೂ ಪೂರ್ತಿ ಇರಲಿಲ್ಲ. ಲೋಕಲ್‌ನಲ್ಲಿ ನಿಂತು ಮೊಬೈಲು ತೆಗೆಯುವುದು, ಖಡಕಿ ಸ್ಟೇಷನ್ನಿನಲ್ಲಿ ಸಿಗ್ನಲ್ಲು ಹೋಗಿ ಎಲ್ಲವೂ ಬೂದು ಬಣ್ಣವಾದರೆ ಬಾಗಿಲ ಕಡೆ ಸರಿದು ಮೊಬೈಲು ಎತ್ತಿ ಹಿಡಿಯುವುದು, ಶಿವಾಜಿನಗರದಲ್ಲಿ ಇಳಿದ ಮೇಲೆ ಮತ್ತೆ ಹಸಿರಾದರೆ ಒಳಗಿಡುವುದು. ಕಚೇರಿಯಲ್ಲಿ ಲೆಕ್ಕದ ಹಾಳೆಯ ಪಕ್ಕದಲ್ಲಿ ಮೊಬೈಲು ನಿಲ್ಲಿಸಿಕೊಂಡು ಕಾಕಾನ ಫ್ಯಾನನ್ನು ನೋಡುತ್ತಿದ್ದೆ. ಮೇಡಂ ಒಮ್ಮೆ ಬಗ್ಗಿ ನೋಡಿ, ಕ್ರಿಕೆಟ್ ಸ್ಕೋರಾ ಎಂದು ಮರಾಠಿಯಲ್ಲಿ ಕೇಳಿದರು. ಹೌದು ಎಂದೆ.

ಬುಧವಾರ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತಾಗ ಒಂದು ವಿಷಯ ಹೊಳೆಯಿತು. ಇಷ್ಟು ಬರೆದಿದ್ದೇನೆ, ಆದರೆ ಕರೆಂಟು ಬರುವ ಆ ಗಳಿಗೆಯಲ್ಲಿ ಮನೆಯಲ್ಲಿ ಏನಾಗುತ್ತದೆ ಎಂದು ಒಮ್ಮೆಯೂ ನೋಡಿಲ್ಲ. ಬರೆದದ್ದೆಲ್ಲ ಸಂಜೆ ಬಂದು ನೋಡಿದ್ದು. ಗುರುವಾರ ರಜೆ ಹಾಕಿದೆ.

ಬೆಳಿಗ್ಗೆ ಹತ್ತರ ಹೊತ್ತಿಗೆ ಕರೆಂಟು ಹೋಯಿತು. ಅಪ್ಪ ಪೇಪರು ಮಡಚಿಟ್ಟು ಎದ್ದು, ಬಾಗಿಲ ಮೇಲಿನ ಸ್ವಿಚ್ ಪೆಟ್ಟಿಗೆಯ ಮುಚ್ಚಳ ತೆರೆದು, ಟಕ್ ಟಕ್ ಟಕ್ ಎಂದು ಎಲ್ಲವನ್ನೂ ಕೆಳಗೆ ಮಾಡಿ, ಮತ್ತೆ ಬಂದು ಪೇಪರು ಬಿಡಿಸಿದರು. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಸೀನು ಬಂದಾಗ ಮೂಗು ಮುಚ್ಚಿದ ಹಾಗೆ ಅದು, ಯಾರೂ ಗಮನಿಸುವುದಿಲ್ಲ.

ಮಧ್ಯಾಹ್ನ ಕೆಳಗಿನ ಅಂಗಳದಿಂದ "ಆಲೀ, ಆಲೀ!" ಎಂಬ ಮಕ್ಕಳ ಕೂಗು ಬಂತು. ಲೈಟು ಬಂತೆಂದು. ಪಕ್ಕದ ಮನೆಯ ಮಿಕ್ಸರು ಗುರುಗುಟ್ಟಿತು. ನಮ್ಮ ಮನೆ ಇನ್ನೂ ಸುಮ್ಮನಿತ್ತು. ಅಪ್ಪ ಸ್ವಲ್ಪ ಕಾದು, ಎದ್ದು, ಒಂದೇ ಒಂದು ಸ್ವಿಚ್ಚು ಮೇಲೆ ಮಾಡಿದರು. ಅಡಿಗೆಮನೆಯದು. ಫ್ರಿಜ್ಜು ನಡುಗಿ ಶುರುವಾಯಿತು. ಅದರ ಸಪ್ಪಳ ಹದಕ್ಕೆ ಬರುವ ತನಕ ಕಿವಿಗೊಟ್ಟು ನಿಂತರು. ಆಮೇಲೆ ಮಲಗುವ ಕೋಣೆಗಳು. ಆಮೇಲೆ ಚಹಾಕ್ಕೆ ಇಟ್ಟರು. ಕುಡಿದರು. ಚೀಲ ತೆಗೆದುಕೊಂಡು, ಮೆಂತ್ಯೆ ಸಿಗುತ್ತದೇನೋ ನೋಡಿ ಬರ್ತೀನಿ ಎಂದು ಚಪ್ಪಲಿ ಮೆಟ್ಟಿ ಕೆಳಗಿಳಿದರು.

ಮುಂದಿನ ಹಾಲ್ ಮಾತ್ರ ಕತ್ತಲಾಗಿಯೇ ಇತ್ತು. ಟಿವಿ ಇರುವ ಹಾಲು. ರೂಟರು ಇರುವ ಹಾಲು.

ನಾನು ಕಾಕಾನ ಕೋಣೆಯ ಹೊಸ್ತಿಲಲ್ಲಿ ಕೂತಿದ್ದೆ. ಅವನ ಪ್ಲಗ್ಗಿನ ದೀಪ ಬೇಗ ಬೇಗ ಮಿಣುಕುತ್ತಿತ್ತು. ಮನೆಯ ವೈಫೈಯನ್ನು ಹುಡುಕುತ್ತಿತ್ತು. ಇಲ್ಲದ್ದನ್ನು ಹುಡುಕುತ್ತಿತ್ತು. ಸ್ವಲ್ಪ ಹೊತ್ತಿಗೆ ಮಿಣುಕು ನಿಧಾನವಾಯಿತು. ಮತ್ತೆ ಸ್ವಲ್ಪ ಹೊತ್ತಿಗೆ ನಿಂತು ಕೆಂಪಾಯಿತು. ಅಪ್ಪ ಮೆಂತ್ಯೆಯ ಜೊತೆ ಕೊತ್ತಂಬರಿಯನ್ನೂ ತಂದು, ಯಾರದೋ ಜೊತೆ ಮೆಟ್ಟಿಲಲ್ಲಿ ಮಾತಾಡಿ ಮುಗಿಸಿ, ಒಳಗೆ ಬಂದು, ಕೈ ತೊಳೆದು, ಕೊನೆಗೆ ಹಾಲಿನ ಸ್ವಿಚ್ಚು ಮೇಲೆ ಮಾಡಿದರು. ರೂಟರು ಎದ್ದಿತು, ಎಲ್ಲ ದೀಪ ಹಚ್ಚಿಕೊಂಡಿತು. ಕಾಕಾನ ಪ್ಲಗ್ಗು ಕೆಂಪಾಗಿಯೇ ಇತ್ತು. ಹುಡುಕಿದ್ದು ಬರುವಷ್ಟರಲ್ಲಿ ಅದು ಹುಡುಕುವುದನ್ನೇ ಬಿಟ್ಟಿತ್ತು.

ಅಪ್ಪ ಇಲ್ಲದ ದಿನ ಯಾರೂ ಪೆಟ್ಟಿಗೆ ಮುಟ್ಟುವುದಿಲ್ಲ. ಕರೆಂಟು ಬಂದರೆ ಎಲ್ಲವೂ ಒಟ್ಟಿಗೇ ಏಳುತ್ತವೆ. ರೂಟರು ಎದ್ದು ಸಿದ್ಧವಾಗುವ ತನಕ ಕಾಯುವಷ್ಟು ತಾಳ್ಮೆ ಈ ಸಾಮಾನುಗಳಿಗೆ ಇದೆ. ಚಹಾ ಕುಡಿದು ಮೆಂತ್ಯೆ ತರುವ ತನಕ ಇಲ್ಲ.

"ಯಾಕ, ಕುಣಿ ತೋಡಿದವರಂಗ ಕೂತಿ?" ಎಂದ ಕಾಕಾ.

ದನಿ ತಗ್ಗಿಸಿ ಹೇಳಿದೆ. ಕಾಕಾ ಮೊದಲು ನಕ್ಕ. ಅಪ್ಪನ ಈ ಕ್ರಮ ಎಲ್ಲಿಂದ ಬಂತೆಂದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ಕಾರ್ಖಾನೆಯಲ್ಲಿ ಕರೆಂಟು ಬಂದಾಗ ಮೊದಲು ಕಂಪ್ರೆಸರು, ಅದು ಹದಕ್ಕೆ ಬಂದ ಮೇಲೆ ಯಂತ್ರಗಳ ಸಾಲು, ಕಟ್ಟಕಡೆಗೆ ಸಾಹೇಬರ ಕೋಣೆಗಳು. ಅಪ್ಪ ಹೊಸದಾಗಿ ಸೇರಿದಾಗ ಯಾರೋ ಎಲ್ಲವನ್ನೂ ಒಟ್ಟಿಗೆ ಎತ್ತಿದ್ದಕ್ಕೆ ಒಂದು ಪ್ಯಾನೆಲ್ಲೇ ಸುಟ್ಟುಹೋಗಿತ್ತಂತೆ. ಅಂದಿನಿಂದ ಮನೆಯಲ್ಲಿಯೂ ಅದೇ ಶಿಸ್ತು. ಫ್ರಿಜ್ಜು ನಮ್ಮ ಕಂಪ್ರೆಸರು, ಹಾಲು ನಮ್ಮ ಸಾಹೇಬರ ಕೋಣೆ.

ನಗುತ್ತಿದ್ದ ಕಾಕಾ ನಡುವೆಯೇ ನಿಲ್ಲಿಸಿದ.

"ಅಣ್ಣಗ ಹೇಳಬ್ಯಾಡ."

"ಹೇಳದಿದ್ರ ಹೆಂಗ? ಕಾರಣ ಕೇಳ್ಯಾರ."

"ಮತ್ತೇನರ ಹೇಳು. ವೋಲ್ಟೇಜ್ ಅನ್ನು."

"ಅವರು ವೋಲ್ಟೇಜ್ ಅಳದು ನೋಡ್ತಾರ ಕಾಕಾ. ಮೀಟರ್ ಅದ ಅವರ ಹತ್ರ."

"ಹಂಗಾರ ಆಳು ಬರಲಿ." ಕಿಟಕಿಯ ಕಡೆ ತಿರುಗಿದ. "ತಲಿ ಬಾಚಿಸ್ಕೊತೀನಿ, ಬಿಡು. ನಾ ನೆಲದ ಮ್ಯಾಲೆ ಕೂತಿದ್ದು ತನ್ನಿಂದ ಅಂತ ಅವಂಗ ಗೊತ್ತಾಗೂದು ಬ್ಯಾಡ. ಸಾಯೂತನಾ ಹೊರ್ತಾನ ಅವ ಅದನ್ನ. ನಿಮ್ಮಪ್ಪ ನಿನಗ ಗೊತ್ತಿಲ್ಲ, ನನಗ ಗೊತ್ತು."

ಮರುದಿನ ಕಚೇರಿಯಿಂದ ಬರುವಾಗ ರೂಟರಿಗೆ ಹಚ್ಚುವ ಬ್ಯಾಟರಿ ಡಬ್ಬಿಯೊಂದನ್ನು ತಂದೆ. ಹಾಲಿನ ಸ್ವಿಚ್ಚು ಕೆಳಗಿದ್ದರೂ ರೂಟರು ಎಚ್ಚರವಾಗಿರುತ್ತದೆ. ಅಪ್ಪ ಸ್ನಾನಕ್ಕೆ ಹೋದಾಗ ಪೆಟ್ಟಿಗೆಯ ಸ್ವಿಚ್ಚುಗಳನ್ನು ಇಳಿಸಿ, ಅಪ್ಪನ ಕ್ರಮದಲ್ಲೇ ಏರಿಸಿ ನೋಡಿದೆ. ಕಾಕಾನ ಸಾಮಾನುಗಳೆಲ್ಲ ಒಂದೇ ಉಸಿರಿಗೆ ಕೂಡಿಕೊಂಡವು. ಇಷ್ಟೇ ಇತ್ತು. ಅಪ್ಪ ಸ್ನಾನದ ಕೋಣೆಯಿಂದ, ಕರೆಂಟು ಹೋತೇನು ಎಂದು ಕೂಗಿದರು. ಬಂತ್ರಿ ಎಂದೆ.

ಶನಿವಾರ ಊಟ ಆದ ಮೇಲೆ ತೋರಿಸಿದೆ. ಅಪ್ಪ ಡಬ್ಬಿಯನ್ನು ತಿರುವಿ ತಿರುವಿ ನೋಡಿದರು.

"ಛೊಲೊ ಅದ. ಇದು ಔಷಧ. ರೋಗ ಯಾವುದು?"

"ರೂಟರ್ ತಡಾ ಆಗಿ ಏಳತಿತ್ರಿ."

"ಯಾಕ ತಡಾ? ಸೋಮವಾರ ಹೋಗಿ ಬಂದಾಗ ತಡಾ ಆಗಿರಲಿಲ್ಲ ಅಂತ ನೀನs ಬರದೀದಿ."

ಅವ್ವ ತಟ್ಟೆ ಎತ್ತುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಕೋಣೆಯಿಂದ ಕಾಕಾನ ದನಿ ಬಂತು.

"ಅಣ್ಣಾ, ಆ ಹುಡುಗೀನ್ನ ಯಾಕ ಕೋರ್ಟಿಗೆ ನಿಲ್ಲಸ್ತಿ? ಆಳು ಬರಲಿ ಬಿಡೋ. ನನಗೂ ಮಾತಾಡ್ಲಿಕ್ಕೆ ಯಾರರ ಬೇಕು."

ಅದು ಸುಳ್ಳೆಂದು ಅಪ್ಪನಿಗೆ ಗೊತ್ತಿತ್ತು. ಕಾಕಾ ಬೇಡವಾದದ್ದನ್ನು ಬೇಕೆಂದು ಕೇಳುತ್ತಿದ್ದಾನೆ ಎಂದರೆ ಏನೋ ಇದೆ ಎಂದು ಅವರು ನನ್ನ ಮುಖವನ್ನೇ ನೋಡುತ್ತ ಕೂತರು. ಸೋಮವಾರಕ್ಕೆ ಒಂದೇ ದಿನ ಉಳಿದಿತ್ತು. ಕಾಕಾ ಒಪ್ಪಿಕೊಂಡದ್ದು ಅವನ ದೊಡ್ಡತನ ಇರಬಹುದು, ಆದರೆ ಬೈತಲೆ ತೆಗೆಸಿಕೊಂಡು ಕೂರುವವನು ಅವನು, ನಾನಲ್ಲ. ಹೇಳಿಬಿಟ್ಟೆ.

ಅಪ್ಪ ಯಂತ್ರದ ಬಗ್ಗೆ ಕೇಳುವ ಹಾಗೆ ಒಂದೊಂದಾಗಿ ಕೇಳಿದರು. ಎಷ್ಟು ಹೊತ್ತು ಹುಡುಕುತ್ತವೆ? ಬಿಟ್ಟ ಮೇಲೆ ತಾವಾಗಿ ಮತ್ತೆ ಹುಡುಕುವುದಿಲ್ಲವೇ? ಹಾಲು ಮೊದಲು ಎತ್ತಿದರೆ? ನೀನು ಕಣ್ಣಿನಿಂದ ನೋಡಿದೆಯಾ, ಅಂದಾಜೋ? ಎಲ್ಲಕ್ಕೂ ಉತ್ತರ ಕೊಟ್ಟೆ. ಕೊನೆಗೆ, "ಹಂಗಾರ ನಾನs" ಎಂದರು. ಅಷ್ಟೇ. ಎದ್ದು ಕಾಕಾನ ಕೋಣೆಗೆ ಹೋದರು. ಬಾಗಿಲು ಹಾಕಲಿಲ್ಲ, ಹಾಗಾಗಿ ಎಲ್ಲ ಕೇಳಿಸಿತು.

"ತಮ್ಮಾ, ನಿನಗ ಗೊತ್ತಿತ್ತೇನು?"

"ಗುರುವಾರ ಗೊತ್ತಾತು."

"ಹೇಳಲಿಲ್ಲ ನೀ."

"ಹೇಳಿದ್ರ ನೀ ಹಿಂಗ ಮುಖ ಮಾಡ್ತಿದ್ದಿ. ಈ ಮುಖ ದಿನಾ ನೋಡೂದಕ್ಕಿಂತ ಆ ಮಾಮಾನ ಮುಖ ಛೊಲೊ."

ಅಪ್ಪ ನಗಲಿಲ್ಲ. "ಎಷ್ಟೊತ್ತು ಕೂತಿದ್ದಿ, ನೆಲದ ಮ್ಯಾಲೆ?" ಎಂದರು. ಅದಾಗಿ ಒಂದು ವಾರವಾಗಿತ್ತು, ಅಲ್ಲಿಯ ತನಕ ಅವರು ಇದನ್ನು ಕೇಳಿರಲಿಲ್ಲ.

"ವೈನಿ ಬರೂತನಾ."

"ನೆಲಾ ತಂಪಿತ್ತೇನು?"

"ಅಣ್ಣಾ, ನೆಲದ ರಿಪೋರ್ಟ್ ಏನ್ ಮಾಡ್ತಿ? ಹೋಗಿ ಮಲಕ್ಕೊ."

ಅಪ್ಪ ಮಲಗಲಿಲ್ಲ. ಹಾಲಿನಲ್ಲಿ ಕೂತು ಏಜೆನ್ಸಿಗೆ ಫೋನು ಮಾಡಿ, ಸದ್ಯ ಬೇಡ ಎಂದರು, ಕಾರಣ ಹೇಳಲಿಲ್ಲ. ರವಿವಾರವಿಡೀ ಕಾಕಾ ನನ್ನ ಜೊತೆ ಮಾತಾಡಲಿಲ್ಲ. ಚಹಾ ಕೊಟ್ಟರೆ ಅವ್ವನಿಗೆ, "ವೈನಿ, ಚಾ ಕೊಟ್ಟವರಿಗೆ ಥ್ಯಾಂಕ್ಸ್ ಹೇಳ್ರಿ" ಎನ್ನುತ್ತಿದ್ದ. ಸಂಜೆ ಅಪ್ಪ ಪೆಟ್ಟಿಗೆಯ ಮುಂದೆ ನಿಂತು, ಮತ್ತೆ ಮತ್ತೆ ಇಳಿಸಿ ಏರಿಸಿ, ಒಂದೊಂದು ಸಲಕ್ಕೂ ಕಾಕಾನ ಕೋಣೆಗೆ ಬಂದು ನೋಡಿ ಹೋದರು. ಬ್ಯಾಟರಿ ಡಬ್ಬಿ ಇಟ್ಟು, ತೆಗೆದು, ಹಾಲು ಮೊದಲು, ಹಾಲು ಕೊನೆಗೆ. ನಾಲ್ಕನೆಯ ಸಲಕ್ಕೆ ಕಾಕಾನಿಗೆ ತಡೆಯಲಾಗಲಿಲ್ಲ.

"ಸಾಹೇಬ್ರs, ಇವತ್ತs ಪ್ಲಾಂಟ್ ಉದ್ಘಾಟನಾ ಅದ ಏನ್ರಿ? ಫ್ರಿಜ್ಜಿನ ಹಾಲು ಒಡದೀತು!"

ಆಗ ಅಪ್ಪ ನಕ್ಕರು. ನನ್ನ ಮೇಲಿನ ಮೌನವೂ ಅಲ್ಲಿಗೇ ಮುಗಿಯಿತು.

ಸೋಮವಾರ ಆಳು ಬರಲಿಲ್ಲ. ಕಾಕಾ ಒಬ್ಬನೇ ಇದ್ದ. ನಾನು ಕಚೇರಿಯಲ್ಲಿ ಕೂತು ಹಸಿರು ಚುಕ್ಕೆಗಳನ್ನು ನೋಡುತ್ತಿದ್ದೆ. ಇನ್ನು ನೋಡುವ ಕಾರಣವಿರಲಿಲ್ಲ, ಆದರೂ ಕೈ ತಾನಾಗಿಯೇ ಹೋಗುತ್ತಿತ್ತು. ಹನ್ನೊಂದಕ್ಕೆ ಕೋಣೆಯ ಲೈಟು ಹತ್ತಿತು. ಬಿಸಿಲಿರುವಾಗ ಲೈಟು ಯಾಕೆ? ಫೋನು ಮಾಡಿದೆ.

"ಪೇಪರ್ ಓದಾಕತ್ತಿದ್ದೆ" ಎಂದ.

ಮಂಗಳವಾರ ಫ್ಯಾನು ನಿಂತಿತು. ಫೋನು ಮಾಡಿದೆ. "ಥಂಡಿ ಆತು." ಮಧ್ಯಾಹ್ನ ಬಾಗಿಲು ತೆರೆಯಿತು, ಇನ್ನೂ ಅವ್ವ ಬರುವ ಹೊತ್ತಲ್ಲ. ಮತ್ತೆ ಫೋನು. "ಕೊರಿಯರ್‌ದಾವ." ಬುಧವಾರ ಬೆಳಿಗ್ಗೆ ಎರಡೂ ಬಲ್ಬು ಒಮ್ಮೆಲೇ ಹತ್ತಿ ಆರಿ ಹತ್ತಿದವು. ಎದ್ದು ಮೆಟ್ಟಿಲ ಹತ್ತಿರ ಓಡಿ ಫೋನು ಹಚ್ಚಿದೆ.

"ಏನಾತು ಕಾಕಾ?"

"ಏನಿಲ್ಲ. ನೀ ನೋಡ್ತಿ ಏನಂತ ನೋಡಿದೆ."

ನಾನು ಮೆಟ್ಟಿಲ ಮೇಲೆ ಕೂತೆ.

"ಬಾಗಲದ ಮಾಲಕ ಯಾರವಾ, ನಿನ್ನ ಮೊಬೈಲದಾಗ?"

"ನಾನs. ನಾನs ಹಚ್ಚೀನಲ್ಲ."

"ಮಾಮಾ ನನ್ನ ಕೋಣ್ಯಾಗ ಕೂಡ್ತಿದ್ದ. ಕಣ್ಣಿಗೆ ಕಾಣ್ತಿದ್ದ, ಬೈಲಿಕ್ಕೆ ಬರ್ತಿತ್ತು. ನೀ ಶಿವಾಜಿನಗರದಾಗ ಕೂತು ನನ್ನ ಲೈಟ್ ಎಣಸ್ತಿ. ಆಳು ಬ್ಯಾಡಂದದ್ದು ಇದಕ್ಕಲ್ಲ ತಾಯಿ."

ದನಿಯಲ್ಲಿ ತಮಾಷೆ ಇತ್ತು, ಆದರೆ ತಮಾಷೆ ಮಾತ್ರ ಇರಲಿಲ್ಲ.

ಆ ಸಂಜೆ ಅವನ ಮೊಬೈಲಿನಲ್ಲಿ ಎಲ್ಲವನ್ನೂ ಹಾಕಿ, ಅವನನ್ನು ಮಾಲೀಕನನ್ನಾಗಿ ಮಾಡಿದೆ. ಎಡಗೈ ಹೆಬ್ಬೆರಳಿನಿಂದ ಅವನೇ ಒತ್ತಿದ. ಕೊನೆಗೆ ನನ್ನ ಮೊಬೈಲು ಕೇಳಿತು, ನೀವು ಈ ಮನೆಯಿಂದ ಹೊರಗೆ ಹೋಗಬೇಕೆ ಎಂದು. ಕಾಕಾ ಪಕ್ಕದಲ್ಲೇ ಕೂತಿದ್ದ. ಹೌದು ಎಂದು ಒತ್ತಿದೆ. ಹಸಿರು ಚುಕ್ಕೆಗಳಿದ್ದ ಜಾಗ ಬಿಳಿಯಾಯಿತು.

ಗುರುವಾರ ಕರೆಂಟು ಹೋಗಿ ಬಂತು. ಅಪ್ಪ ಮನೆಯಲ್ಲಿದ್ದರು. ಏನಾಯಿತೆಂದು ಯಾರೂ ನನಗೆ ಫೋನು ಮಾಡಲಿಲ್ಲ. ಸಂಜೆ ಕಾಕಾ ಬೇಗ ಮಲಗಿದ್ದ, ಅವನ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು.

ಶುಕ್ರವಾರ ವ್ಯಾಯಾಮದವರು ಬರುವ ದಿನ. ಹನ್ನೊಂದಾಯಿತು. ಮೊಬೈಲು ತೆಗೆದೆ, ನೋಡಲು ಏನೂ ಇರಲಿಲ್ಲ, ಒಳಗಿಟ್ಟೆ. ಹಾಳೆಯಲ್ಲಿ ಒಂದೇ ಸಾಲನ್ನು ಮೂರು ಸಲ ಕೂಡಿಸಿ ಮೂರು ಉತ್ತರ ಬಂದವು. ಕೆಳಗಿಳಿದು ರಸ್ತೆಯ ಗಾಡಿಯಲ್ಲಿ ಚಹಾ ಕುಡಿದೆ, ಕೋರ್ಟಿಗೆ ಹೋಗುವವರು ಬರುವವರು ಕಪ್ಪು ಕೋಟಿನಲ್ಲಿ ಬೆವರುತ್ತ ನಿಂತಿದ್ದರು. ಬಾಗಿಲು ತೆರೆಯದಿದ್ದರೆ ಅವನು ಮತ್ತೆ ಸಂದಿಗೆ ಹೋಗುತ್ತಾನೆ ಎಂದು ಅನಿಸಿತು. ಫೋನು ಮಾಡಿದರೆ ಅವನು ಎತ್ತುತ್ತಾನೆ, ಆದರೆ ಆಮೇಲೆ ಎಂದೂ ನನ್ನನ್ನು ನಂಬುವುದಿಲ್ಲ ಎಂದೂ ಅನಿಸಿತು. ಮಾಡಲಿಲ್ಲ. ಎರಡು ಗಂಟೆಗೆ ಅವ್ವ ಮನೆ ತಲುಪಿರುತ್ತಾಳೆ. ಅವ್ವನ ಫೋನೂ ಬರಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಸಂಜೆಯ ತನಕ ಕೂತಿದ್ದೆ.

ಲೋಕಲ್ ದಾಪೋಡಿಯ ಹತ್ತಿರ ನಿಂತಿತು, ಸುಮ್ಮನೆ ನಿಂತಿತು. ಇಳಿದು ನಡೆದುಬಿಡೋಣ ಎನಿಸುವಷ್ಟು ಹೊತ್ತು.

ಮನೆಗೆ ಬಂದಾಗ ಕಾಕಾ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದ.

"ಕಚೇರಿ ಹೆಂಗಿತ್ತು?" ಎಂದ.

"ಛೊಲೊ ಇತ್ತು."

"ಟ್ರೇನ್ ತಡಾ ಆತೇನು?"

"ಹೂಂ."

ಇನ್ನು ಅವನೇ ಹೇಳುತ್ತಾನೆ ಎಂದು ನಿಂತೆ. ಹೇಳಲಿಲ್ಲ. ನನ್ನ ಮುಖ ನೋಡಿ ಮೀಸೆಯೊಳಗೆ ನಗುತ್ತಿದ್ದ.

"ಕೇಳು, ಕೇಳಿಬಿಡು. ಹೊಟ್ಟಿ ಒಡದೀತು."

"ಏನಿಲ್ಲ."

"ಏನಿಲ್ಲ ಅಂದ್ರ ಚಾ ತಾ."

ಅಡಿಗೆಮನೆಗೆ ಹೋಗಿ ನೀರಿಟ್ಟೆ. ಅವ್ವ ಮಾರುಕಟ್ಟೆಗೆ ಹೋಗಿದ್ದಳು, ಅಪ್ಪನ ಬಸ್ಸು ಇನ್ನೂ ಬಂದಿರಲಿಲ್ಲ, ಕೇಳಲು ಬೇರೆ ಯಾರೂ ಇರಲಿಲ್ಲ. ಶುಂಠಿ ಜಜ್ಜುತ್ತಿದ್ದಾಗ ಕಾಕಾ ಒಳಗೆ ಹಿಂದಿಯಲ್ಲಿ ಏನೋ ಹೇಳಿದ್ದು ಕೇಳಿಸಿತು, ಮೆಲ್ಲಗೆ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ. ಅವನ ಕೋಣೆಯ ಲೈಟು ಆರಿತು. ಸ್ವಲ್ಪ ಹೊತ್ತಿನ ಮೇಲೆ ಹತ್ತಿತು.

ಯಾಕೆಂದು ಕೇಳಲು ಬಾಯಿ ತನಕ ಬಂತು. ಒಲೆಯ ಉರಿ ಸಣ್ಣ ಮಾಡಿ, ಚಹಾ ಏರುವುದನ್ನೇ ನೋಡುತ್ತ ನಿಂತೆ.